ಎಡಕ್ಕೆ ತೆರೆಯೋ ಚೀಲ

…ಸರಿ ಕಣೋ, ಸುಳ್ಳು ಹೇಳಿದೆ, ಏನೀಗ? ಎದೆನೋವು ಅಂತ ಬೇಕರಿಯವಳ ಕೈಲಿ ಫೋನ್ ಮಾಡಿಸ್ದೆ. ಇಲ್ದಿದ್ರೆ ಬರ್ತಿದ್ಯಾ ನೀನು? "ರಜೆ ಸಿಗಲ್ಲಮ್ಮ, ಮುಂದಿನ ತಿಂಗಳು ನೋಡ್ತೀನಿ" ಅಂತಿದ್ದೆ. ಈಗ ಅಮ್ಮ ಗುಂಡುಕಲ್ಲಿನ ಹಾಗೆ ಕೂತಿದಾಳೆ ಅಂತ ಹಲ್ಲು ಕಿರೀತಿದೀಯ. ನಗು, ನಗು. ನೀನು ನಕ್ಕು ಎಷ್ಟು ದಿನ ಆಯ್ತೋ ಏನೋ, ನಗು.

ಕೂತ್ಕೋ. ಅಲ್ಲಿ ಬೇಡ, ಮಿಷನ್ ಹತ್ರ ಸೂಜಿ ಬಿದ್ದಿರುತ್ತೆ. ಇಲ್ಲಿ ಬಾ, ನನ್ನೆದುರಿಗೆ. ಅನ್ನ ಬಿಸಿ ಇದೆ, ಮೊಟ್ಟೆ ಬೇಯಿಸಿದೀನಿ, ಮೊಸರಿದೆ. ಅಯ್ಯೋ, ಎಷ್ಟು ಸೊರಗಿದೀಯೋ! ಕತ್ತಿನ ಮೂಳೆ ಎಲ್ಲ ಎದ್ದು ಕಾಣ್ತಿದೆ. ಸಾವಿರ ಜನರಲ್ಲಿ ಹತ್ತು ಜನಾನ ಆರಿಸಿ ತಗೊಂಡು ಹೋಗ್ತಾರಂತೆ ಸರ್ಕಾರದ ಆ ನಿಮ್ಮ ವಿಶೇಷ ದಳಕ್ಕೆ… ಹಂಗೆ ಆರಿಸ್ಕೊಂಡು ಹೋದೋರಿಗೆ ಅನ್ನ ಹಾಕಲ್ವಾ?

ಮಾತಾಡಲ್ವಾ? ಬೇಡ ಬಿಡು, ನಾನೇ ಆಡ್ತೀನಿ. ನಿಮ್ಮಪ್ಪ ಇದ್ದಾಗ್ಲೂ ಈ ಮನೇಲಿ ಮಾತಾಡ್ತಿದ್ದೋಳು ನಾನೊಬ್ಳೇ. ದಿನವಿಡೀ ಬಸ್ ಓಡಿಸಿ ಬಂದು "ಹೂಂ" ಅನ್ನೋರು, ಇಲ್ಲಾ "ಊಹೂಂ" ಅನ್ನೋರು, ಅಲ್ಲಿಗೆ ಸಂಸಾರದ ಮಾತು ಮುಗೀತು. ನೀನು ಅದನ್ನೂ ಅನ್ನಲ್ಲ.

ಬರ್ತಾ ಬೀದೀಲಿ ಯಾರಾದ್ರೂ ಸಿಕ್ಕಿದ್ರಾ? ಕ್ಷೌರದಂಗಡಿಯವನು ಓಡಿ ಬಂದು ಕೈ ಕುಲುಕಿರ್ತಾನೆ, ಬಿಡಲ್ಲ ಅವನು. ಅಂಗಡಿ ಕನ್ನಡಿ ಪಕ್ಕದಲ್ಲಿ ನಿಮ್ಮ ದಳದ ಚಿತ್ರ ಅಂಟಿಸಿದಾನೆ. ಎಲ್ರ ಮುಖಕ್ಕೂ ಕಪ್ಪು ಮುಸುಕು. "ಇದ್ರಲ್ಲಿ ನಿಮ್ಮ ಮಗ ಯಾರಮ್ಮ?" ಅಂತ ಗಿರಾಕಿಗಳ ಮುಂದೆ ಬೇಕಂತ್ಲೇ ಕೇಳ್ತಾನೆ. "ಎಡಗೈಲಿ ಬಂದೂಕು ಹಿಡಿದಿದಾನಲ್ಲ, ಅವನೇ" ಅಂತೀನಿ ನಾನು. ಅಂತಿದ್ದೆ… ಎಂಥಾ ಜಂಬ ಇತ್ತು ಗೊತ್ತೇನೋ ನಂಗೆ! ತರಕಾರಿ ತರೋಕೆ ಹೋದ್ರೂ ತಲೆ ಎತ್ಕೊಂಡು ಹೋಗ್ತಿದ್ದೆ. ಪೇಪರಲ್ಲಿ ನಿಮ್ಮ ದಳದ ಮೇಲಿನ ವಿಚಾರಣೆ ಸುದ್ದಿ ಬಂದ ಮೇಲೂ ಅವನು ಚಿತ್ರ ಕಿತ್ತಿಲ್ಲ. "ಹೊಟ್ಟೆಕಿಚ್ಚಿನೋರು ಬರೀತಾರೆ, ನೀವು ತಲೆ ಕೆಡಿಸ್ಕೋಬೇಡಿ" ಅಂತಾನೆ. ಪಕ್ಕದ ಮನೆ ಮೇಷ್ಟ್ರು ಮಾತ್ರ ನನ್ನ ಕಂಡ್ರೆ ರಸ್ತೆ ಆಚೆ ಬದಿಗೆ ದಾಟಿ ಹೋಗ್ತಾರೆ. ಮೊದ್ಲು ನಂಗೆ ಮೈಯೆಲ್ಲ ಉರೀತಿತ್ತು. ಈಗ ಅವರು ದಾಟೋಕೆ ಮುಂಚೆ ನಾನೇ ದಾಟ್ಬಿಡ್ತೀನಿ.

ಯಾಕೋ ತಿನ್ನೋದು ನಿಲ್ಲಿಸ್ದೆ? ತಿನ್ನು. ಮೊಸರು ಹಾಕ್ಲಾ? ಹಾಕ್ತೀನಿ ಇರು.

ಹಾಗೇ ಎಡಗೈಲೇ ಚಮಚ ಹಿಡ್ಕೋ, ಇಲ್ಲಿ ಯಾರು ನೋಡ್ತಾರೆ? ಚಿಕ್ಕೋನಿದ್ದಾಗ ನಿನ್ನ ಎಡಗೈನ ಬೆಂಚಿಗೆ ಕಟ್ಟಿ ಬಲಗೈಲಿ ಬರೆಸ್ತಿದ್ಲಲ್ಲ ಆ ಟೀಚರ್ರು, ನೆನಪಿದ್ಯಾ? ಮಣಿಕಟ್ಟಲ್ಲಿ ಹಗ್ಗದ ಗುರುತು ನೋಡಿ ನಿಮ್ಮಪ್ಪ… ಬಾಯೇ ಬಿಡದ ಮನುಷ್ಯ! ಮಾರನೇ ದಿನ ತುಂಬಿದ ಬಸ್ಸನ್ನ ಜನರ ಸಮೇತ ಶಾಲೆ ಮುಂದೆ ತಂದು ನಿಲ್ಲಿಸಿ ಒಳಗೆ ನುಗ್ಗಿದ್ರು. ಜನ ಎಲ್ಲ ಕಿಟಕೀಲಿ ಇಣುಕ್ತಿದಾರೆ, ಕಂಡಕ್ಟರ್ ಸೀಟಿ ಊದ್ತಿದಾನೆ, ಇವರು ಒಳಗೆ ಕೂಗಾಡ್ತಿದಾರೆ. "ನನ್ನ ಮಗನ ಕೈಗೆ ಹಗ್ಗ ಹಾಕಿದ್ರೆ ಚೆನ್ನಾಗಿರಲ್ಲ!" ಅಂತ. ಅಷ್ಟೇ ಕಣೋ, ಜೀವಮಾನದಲ್ಲಿ ಅವರು ಮಾಡಿದ ಜಗಳ ಅದೊಂದೇ. ಆಮೇಲೆ ಬಸ್ಸಿನವರು ನೋಟೀಸು ಕೊಟ್ರು. ನಕ್ಕೊಂಡು ತಗೊಂಡ್ರು.

ಆವತ್ತಿಂದ ನಾನೂ ಪಣ ತೊಟ್ಟೆ, ನಿನ್ನ ಸಾಮಾನೆಲ್ಲ ನಿನ್ನ ಕೈಗೆ ಸರಿಯಾಗೇ ಇರ್ಬೇಕು ಅಂತ. ಶಾಲೆ ಚೀಲದ ಬಾಯಿ ಎಡಕ್ಕೆ, ಕೋಟಿನ ಒಳಜೇಬು ಎಡಗೈಗೆ ಸಿಗೋ ಹಾಗೆ, ಪೆನ್ಸಿಲ್ ಡಬ್ಬಿಗೆ ಹೊಲಿದ ಗವಸಿನ ಜಿಪ್ಪೂ ಎಡಕ್ಕೆ. ಕೈಗೆ ಅಭ್ಯಾಸ ಆಗೋಯ್ತು. ಊರಿನ ಮಕ್ಕಳ ಯೂನಿಫಾರ್ಮೆಲ್ಲ ಸರಿಯಾಗೇ ಹೊಲೀತೀನಿ. "ನನ್ನ ಮಗನಿಗೆ" ಅಂದ್ಬಿಟ್ರೆ ಕತ್ತರಿ ತಾನಾಗೇ ಆ ಕಡೆ ತಿರುಗುತ್ತೆ.

ಹೋದ್ಸಲ ರಜೆಗೆ ಬಂದಾಗ್ಲೂ ಹಾಗೇ ಆಯ್ತು.

ಏನಿಲ್ಲ, ಏನಿಲ್ಲ… ಚಮಚ ಎತ್ಕೋ. ಬಿದ್ರೆ ಬೀಳ್ಲಿ, ಬೇರೆ ಕೊಡ್ತೀನಿ ತಗೋ.

ಹೋದ್ಸಲ ಇಲ್ಲೇ, ಮಿಷನ್ ಪಕ್ಕ ನೆಲದ ಮೇಲೆ ಕೂತಿದ್ದೆ ನೀನು. "ಅಮ್ಮ, ಸೊಂಟಕ್ಕೆ ಕಟ್ಟೋ ಚೀಲ ಬೇಕು, ಒಂದಷ್ಟು ಹೊಲಿದುಕೊಡು. ಸರ್ಕಾರದ್ದು ಬೇಗ ಹರಿದುಹೋಗುತ್ತೆ" ಅಂದೆ. ನಂಗೋ ಸ್ವರ್ಗ ಮೂರೇ ಗೇಣು. ಇಷ್ಟು ದೊಡ್ಡ ದಳದ ಹುಡುಗ್ರು ನನ್ನ ಹೊಲಿಗೆ ಕಟ್ಕೊಂಡು ಓಡಾಡ್ತಾರಲ್ಲ ಅಂತ! ಹೊಸ ಬಟ್ಟೆ ತರ್ತೀನಿ ಅಂದ್ರೆ "ಬೇಡಮ್ಮ, ಹಳೇದೇ ಇರ್ಲಿ, ಒರಟಾಗಿರ್ಲಿ, ಅಂಗಡೀದು ಅನ್ನಿಸ್ಬಾರ್ದು" ಅಂದೆ. ಯಾಕೋ ಅಂದ್ರೆ "ನಿಯಮ" ಅಂದೆ. ಪೆಟ್ಟಿಗೇಲಿ ನಿಮ್ಮಪ್ಪನ ಬಸ್ಸಿನ ಅಂಗಿ ಇದ್ವಲ್ಲ, ಅವನ್ನ ಬಿಚ್ಚಿದೆ. ಹರಿಯೋಕೆ ಮನಸ್ಸು ಬರ್ಲಿಲ್ಲ ಮೊದ್ಲು… ಆಮೇಲೆ ಅನ್ಕೊಂಡೆ, ಮಗನ ಸೊಂಟದಲ್ಲಿದ್ರೆ ಅಪ್ಪ ಕಾಯ್ತಾರೆ ಬಿಡು. ಒಳಗಡೆ ಅಸ್ತರಿಗೆ ಅದನ್ನೇ ಹಾಕ್ದೆ. ನೀನು ಪಕ್ಕದಲ್ಲಿ ಕೂತು ನೂಲು ಕತ್ತರಿಸಿ ಕೊಡ್ತಿದ್ದೆ. ಬಿಸ್ಕತ್ತು ತಿಂತಿದ್ದೆ. ನಾನು ಹಾಡು ಗುನುಗ್ತಿದ್ದೆ ಕಣೋ, ಪಾಪಿ! ಹಾಡು ಗುನುಗ್ತಿದ್ದೆ ನಾನು!

ಇಲ್ಲ… ಬೈಯಲ್ಲ. ಬೈಯಲ್ಲ. ತಿನ್ನು ನೀನು.

ಆ ಫೋಟೋ ನೀನೂ ನೋಡಿರ್ತೀಯ. ಮೊದಲನೇ ಪುಟದಲ್ಲೇ ಹಾಕಿದ್ರು. ಗುಡ್ಡದ ಊರಲ್ಲಿ ಒಂದು ಮನೆ. ಅಪ್ಪ, ಇಬ್ರು ಗಂಡುಮಕ್ಕಳು. "ಗುಂಡಿನ ಚಕಮಕಿಯಲ್ಲಿ ಸತ್ತರು, ಸೊಂಟದಲ್ಲಿ ಮದ್ದುಗುಂಡು ತುಂಬಿದ ಚೀಲಗಳಿದ್ದವು" ಅಂತ ನಿಮ್ಮ ದಳದವರು ಹೇಳಿದ್ದು. ಗೋಡೆಗೆ ಒರಗಿಸಿ ಮಲಗಿಸಿದ್ರು ಮೂವರನ್ನೂ. ಆ ಅಪ್ಪನ ಕಾಲಲ್ಲಿ ಮನೇಲಿ ಹಾಕ್ಕೊಳ್ಳೋ ಚಪ್ಪಲಿ. ಒಂದೇ ಕಾಲಲ್ಲಿ. ನಾನು ಮೊದ್ಲು ಅದನ್ನೇ ನೋಡ್ತಾ ಕೂತೆ. ಯುದ್ಧ ಮಾಡೋನು ಚಪ್ಪಲಿ ಹಾಕ್ಕೊಂಡು ಮಾಡ್ತಾನಾ, ಇನ್ನೊಂದು ಎಲ್ಲಿ ಹೋಯ್ತು, ಅಂತ… ಆಮೇಲೆ ಸೊಂಟ ನೋಡ್ದೆ.

ಕನ್ನಡಕ ಒರೆಸ್ಕೊಂಡೆ. ಕಿಟಕಿ ಹತ್ರ ತಗೊಂಡು ಹೋದೆ. ಚೀಲದ ಮುಚ್ಚಳ ಎಡಕ್ಕೆ ತೆರೆಯುತ್ತೆ. ಅಪ್ಪಂದೂ ಎಡಕ್ಕೆ. ದೊಡ್ಡ ಮಗಂದೂ ಎಡಕ್ಕೆ. ಚಿಕ್ಕೋನಿದಾನಲ್ಲ, ಮೀಸೆ ಕೂಡ ಚಿಗುರಿಲ್ಲ, ಅವಂದೂ ಎಡಕ್ಕೆ. ಒಂದೇ ಮನೇಲಿ ಮೂವರೂ ಎಡಗೈಯವರೇನೋ? ವಾರ ಬಿಟ್ಟು ಇನ್ನೊಂದು ಊರಿನ ಫೋಟೋ ಹಾಕಿದ್ರು. ಅಲ್ಲೂ ಎಡಕ್ಕೆ! ಅಷ್ಟು ಜನ ಅಧಿಕಾರಿಗಳು ನೋಡಿದ್ರು, ಪೇಪರಿನೋರು ನೋಡಿದ್ರು, ಯಾರಿಗೂ ಹೊಳೀಲಿಲ್ಲ. ಅವರಿಗೆ ಹೇಗೆ ಹೊಳೀಬೇಕು? ಇಡೀ ಪ್ರಪಂಚದಲ್ಲಿ ಚೀಲಾನ ಹಾಗೆ ಹೊಲಿಯೋ ಹುಚ್ಚಿ ನಾನೊಬ್ಳೇ.

ಆ ಪೇಪರ್ನ ಹಾಸಿಗೆ ಕೆಳಗೆ ಇಟ್ಟು ಅದರ ಮೇಲೇ ಮಲಗ್ತಿದ್ದೆ. ನಿದ್ದೆ ಎಲ್ಲಿಂದ ಬರ್ಬೇಕು? ಏನೇನೋ ಹೇಳ್ಕೊಂಡೆ ನಂಗೆ ನಾನೇ. ಕಳ್ಳರು ಕದ್ದಿರ್ಬೇಕು. ಯಾವನೋ ಗೆಳೆಯನಿಗೆ ಕೊಟ್ಟಿರ್ತಾನೆ, ಅವನು ಹಾಳಾದೋನು. ನಮ್ಮ ಹುಡುಗ ಆವತ್ತು ಅಲ್ಲಿ ಇರ್ಲೇ ಇಲ್ಲ, ಜ್ವರ ಬಂದಿತ್ತು. ಹೌದಾ? ಜ್ವರ ಬಂದಿತ್ತಾ ನಿಂಗೆ? ಹೇಳೋ, ಬಂದಿತ್ತು ಅನ್ನು. ಯಾವ ಜ್ವರ, ಯಾವಾಗ ಅಂತ ಕೇಳಲ್ಲ ನಾನು.

ತಲೆ ತಗ್ಗಿಸ್ಬೇಡ. ನನ್ನ ಮುಖ ನೋಡು.

ದೊಡ್ಡೋರು ಹೇಳಿದ್ರಾ? ಮಾಡದಿದ್ರೆ ನಿನ್ನನ್ನೇ ಬಿಡಲ್ಲ ಅಂದ್ರಾ? ಅಂದಿರ್ತಾರೆ. ನಂಗೊತ್ತು, ಅಂದಿರ್ತಾರೆ… ಆದ್ರೆ ಚೀಲ ಹೊಲಿಸ್ಕೊಂಡು ಹೋಗಿದ್ದು ಮುಂಚೆ ಅಲ್ವೇನೋ? ಇಲ್ಲಿ ಕೂತು ನೂಲು ಕತ್ತರಿಸ್ತಿದ್ದಾಗ ಆ ಮೂವರೂ ಬದುಕಿದ್ರಲ್ಲೋ. ಎಲ್ಲೋ ಅನ್ನ ಉಣ್ತಿದ್ರು, ಮಾತಾಡ್ತಿದ್ರು, ಆ ಅಪ್ಪನ ಎರಡೂ ಚಪ್ಪಲಿ ಕಾಲಲ್ಲಿತ್ತು. ಅವರಿಗೆ ಅಳತೆ ಇಲ್ಲಿ ತಗೊಂಡಾಗಿತ್ತು. ನಿಂಗದು ಗೊತ್ತಿತ್ತು. ಗೊತ್ತಿದ್ದೂ ಬಿಸ್ಕತ್ತು ತಿಂದೆ.

ಒಂದು ಕೇಳ್ತೀನಿ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ನೀನು ಗುಂಡು ಹಾರಿಸಿದ್ಯಾ? ಇಲ್ಲಾ ಸತ್ತ ಮೇಲೆ ಚೀಲ ಕಟ್ಟಿದ್ದು ಮಾತ್ರಾನಾ? ನೋಡು, ಹೆತ್ತವಳ ಗತಿ ನೋಡು… ಇವೆರಡರಲ್ಲಿ ಒಂದು ನಿಜ ಆಗಿರ್ಲಿ ಅಂತ ಬೇಡ್ಕೋಬೇಕು ನಾನು. ಬರೀ ಚೀಲ ಕಟ್ಟಿರ್ಲಪ್ಪ ಅಂತ ಬೇಡ್ಕೊಂಡೆ. ಬೇಡ್ಕೊಂಡು ಆದ ಮೇಲೆ ನಾಚಿಕೆ ಆಯ್ತು. ಆ ಚಿಕ್ಕ ಹುಡುಗನ ಅಮ್ಮ ಎಲ್ಲಿದಾಳೋ, ಅವಳು ಏನು ಬೇಡ್ಕೊಂಡಿದ್ಲೋ.

ಯಾಕೆ… ಯಾಕೆ ಆ ಕಡೆ ನೋಡ್ತಿದೀಯ? ಒಳಕೋಣೇಲಿ ಏನಿಲ್ಲ. ಇಸ್ತ್ರಿ ಮಾಡೋ ಬಟ್ಟೆ ರಾಶಿ ಹಾಕಿದೀನಿ, ಅದಕ್ಕೇ ಬಾಗಿಲು ಹಾಕಿದ್ದು. ಬೆಕ್ಕು ಬಂದು ಮಲಗುತ್ತೆ ಅಂತ. ನನ್ನ ನೋಡು ನೀನು, ನನ್ನ ಜೊತೆ ಮಾತಾಡು. ನಾನು ಒಂದೇ ಒಂದು ಮಾತು ಕೇಳ್ತಿರೋದು. "ಅಮ್ಮ, ಅದು ನೀನು ಹೊಲಿದಿದ್ದಲ್ಲ" ಅನ್ನು. ನಿಜಾನೇ ಹೇಳು ಅಂತಿಲ್ಲ ಕಣೋ ನಾನು! ಸುಳ್ಳೇ ಹೇಳು! ಚಿಕ್ಕೋನಿದ್ದಾಗ ಎಷ್ಟು ಚೆನ್ನಾಗಿ ಹೇಳ್ತಿದ್ದೆ, ಕಣ್ಣು ಅರಳಿಸ್ಕೊಂಡು, ಆಣೆ ಇಟ್ಕೊಂಡು. ನಂಬ್ತಿದ್ನಲ್ಲ ನಾನು? ಈಗ್ಲೂ ನಂಬ್ತೀನಿ. "ಅಲ್ಲ" ಅನ್ನು. ಎರಡಕ್ಷರ.

ಅನ್ನಲ್ವಾ?

ಮತ್ತೆ ಆ ಬಾಗಿಲ ಕಡೆಗೇ… ಬೆಕ್ಕು ಅಂದ್ನಲ್ಲೋ. ಯಾಕೆ ಹಾಗೆ ನೋಡ್ತೀಯ ನನ್ನ? ಸಿಟ್ಟಿದ್ರೆ ಸಿಟ್ಟು ಮಾಡು. ಹಾಗೆ… ಪಾಪ ಅನ್ನೋ ಹಾಗೆ ನೋಡ್ಬೇಡ.

ಅಯ್ಯೋ.

ನಿಂಗೆ ಗೊತ್ತು. ಗೊತ್ತು ಅಲ್ವಾ? ಬಂದಾಗ್ಲೇ ಗೊತ್ತಾಯ್ತಾ? ಗೋಡೆ ಆಚೆ ಎಷ್ಟು ಜನ ಉಸಿರಾಡ್ತಿದಾರೆ ಅಂತ ಹೇಳೋಕೆ ಕಲಿಸಿದಾರೆ ನಿಂಗೆ, ನಾನೆಂಥಾ ದಡ್ಡಿ! ಬೀದಿ ತುದೀಲಿ ನಿಂತಿರೋ ಗಾಡೀನೂ ನೋಡಿರ್ತೀಯ. ನೋಡಿ, ವಾಪಸ್ ತಿರುಗದೆ ಒಳಗೆ ಬಂದೆ. ಶೂ ಬಿಚ್ಚಿಟ್ಟೆ. ಕೈ ತೊಳ್ಕೊಂಡು ಕೂತೆ. ನಾನು ಎದೆನೋವು, ಬೆಕ್ಕು, ಬಟ್ಟೆ ರಾಶಿ ಅಂತ ಬಡಬಡಿಸ್ತಿದ್ರೆ ಸುಮ್ನೆ ಉಂಡೆ… ಅಷ್ಟು ಹೊತ್ತಿಂದ ಗೊತ್ತಿದ್ದೂ ಉಂಡ್ಯಲ್ಲೋ, ಕಂದಾ.

ಹೌದು. ವಿಚಾರಣೆ ಮಾಡೋ ಮೇಡಂ ಒಳಗಿದಾರೆ. ನಾನೇ ಹೋಗಿ ಹೇಳಿದ್ದು. ಯಾರೂ ಹೆದರಿಸ್ಲಿಲ್ಲ, ಯಾರೂ ಕರೀಲಿಲ್ಲ, ನಾನಾಗೇ ಹೋದೆ. ಚೀಲ ತೋರಿಸಿದ್ರು. ಹಿಂದುಮುಂದು ಮಾಡಿದೆ, ಒಳಗೆ ನಿಮ್ಮಪ್ಪನ ಅಂಗಿ. ಜೇಬಿನ ಮೇಲೆ ನಾನೇ ಹಾಕಿದ್ದ ತೇಪೆ. ಅದರ ಮೇಲೆ ಕಲೆ… ಬಸ್ಸಿಗೆ ನಾಯಿ ಅಡ್ಡ ಬಂದ್ರೂ ಬ್ರೇಕ್ ಹಾಕಿ ಬೈಸ್ಕೊಳ್ತಿದ್ದ ಮನುಷ್ಯನ ಅಂಗಿ ಮೇಲೆ ಆ ಕಲೆ. ಅವತ್ತೂ ನಾನು ಪೂರ್ತಿ ಬಾಯಿ ಬಿಡ್ಲಿಲ್ಲ ಕಣೋ. "ನನ್ನ ಹೊಲಿಗೆ ಥರಾನೇ ಇದೆ, ಖಾತ್ರಿ ಇಲ್ಲ. ಮಗ ಬರ್ಲಿ, ಕೇಳಿ ಹೇಳ್ತೀನಿ, ಉಣ್ಣೋ ಹೊತ್ತು ಬಿಟ್ಕೊಡಿ" ಅಂದೆ. ನೀನು ಅಲ್ಲ ಅಂದಿದ್ರೆ ನಾನೂ ಅಲ್ಲ ಅಂತಿದ್ದೆ. ಆಣೆ ಮಾಡಿ ಹೇಳ್ತಿದ್ದೆ. ಆ ಮೂವರ ಹೆಣದ ಮುಂದೆ ನಿಲ್ಲಿಸಿದ್ರೂ ಹೇಳ್ತಿದ್ದೆ, ಅಂಥಾ ಹೆಂಗಸು ನಾನು. ಅದಕ್ಕೂ ಬಿಡ್ಲಿಲ್ಲ ನೀನು.

ಏಳ್ಬೇಡ. ಯಾಕೆ ಏಳ್ತೀಯ? ಕೂತ್ಕೋ, ಕೂತ್ಕೋ… ನನ್ನ ಕಣ್ಣು ಒರೆಸೋಕಾ? ಬೇಡ ಬಿಡು, ನಾನೇ ಒರೆಸ್ಕೊಳ್ತೀನಿ. ಊಟದ ಮಧ್ಯೆ ಏಳ್ಬಾರ್ದು.

ಮೇಡಂ… ಕೇಳಿಸ್ತಿದ್ಯಾ? ಬಾಗಿಲು ತೆಗೀಬೇಡಿ. ನನ್ನದೇ ಹೊಲಿಗೆ ಅಂತ ಬರ್ಕೊಳ್ಳಿ. ಎಲ್ಲಾನೂ ನನ್ನದೇ, ಖಾತ್ರಿ ಅಂತ ಬರ್ಕೊಳ್ಳಿ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಆದ್ರೆ ಈಗ್ಲೇ ಆಚೆ ಬರಬೇಡಿ, ದಮ್ಮಯ್ಯ ಅಂತೀನಿ. ತಟ್ಟೇಲಿ ಇನ್ನೂ ಅನ್ನ ಇದೆ.