ಎರಡನೇ ಶೀಟಿ

…ನಗಬ್ಯಾಡ! ನಗಬ್ಯಾಡ ಅಂದ್ನೆಲ್ಲ ಮಾವಶಿ! ಬಾಯಿ ತುಂಬ ಮಶೇರಿ ಐತಿ, ನೀ ನಕ್ಕರ ಎಲ್ಲಾ ನನ್ನ ಬಿಳಿ ಅಂಗಿ ಮ್ಯಾಲ ಹಾರತೈತಿ. ಇವತ್ತೊಂದ ದಿನಾ ಆದ್ರೂ ಈ ಅಂಗಿ ಬಿಳೇದ ಇರಲಿ. ಇಸ್ತ್ರಿ ಮಾಡೀನಿ! ಯಾರು? ನಾನು! ಇಸ್ರಾರ! ನಮ್ಮ ಅಮ್ಮಿ ನೋಡಿ ಗಾಬರಿ ಆಗಿ, "ಯಾಕೋ, ಹೆಣ್ಣ ನೋಡಾಕ ಹೊಂಟೀಯೇನ?" ಅಂತ ಕೇಳಿದ್ಲು. "ಇಲ್ಲಮ್ಮಿ, ಸರಕಾರದ ಕಣ್ಣ ತೆರಸಾಕ ಹೊಂಟೀನಿ" ಅಂದ್ನಿ. "ಮೊದಲ ನಿನ್ನ ಕಣ್ಣಾನ ಪಿಸರ ತೊಳಕೋ" ಅಂದ್ಲು. ನೋಡಿದೇನ? ಮನ್ಯಾಗ ಕಿಮ್ಮತ್ತ ಇಲ್ಲ ಮಾವಶಿ, ಕಿಮ್ಮತ್ತ ಇಲ್ಲ!

ತಿಕ್ಕ, ತಿಕ್ಕ. ನಿಶ್ಚಿಂತಿ ತಿಕ್ಕ. ಟಮಟಮ ಬರಾಕ ಇನ್ನ ಅರ್ಧಾ ತಾಸ ಐತಿ. ಸುಟ್ಟ ತಂಬಾಕಿನ ಪುಡಿ ಬಟ್ಟಿಗೆ ಹಚ್ಕೊಂಡ ಈ ಗಿರಣಿ ಪಾವಟಿಗಿ ಮ್ಯಾಲ ಸುಂದರಾ ಮಾವಶಿ ಹಲ್ಲ ತಿಕ್ಕಾಕ ಕುಂತ್ಲಂದ್ರ ಮುಗೀತು. ಕಲೆಕ್ಟರ ಬಂದ್ರೂ ಕೈಲೇ "ಕೂಡ್ರ" ಅಂತಾಳ, ಬಾಯಿ ಬಿಡಂಗಿಲ್ಲ. ಇಡೀ ಊರಿಗೆ ಗೊತ್ತಿದ್ದ ಮಾತ ಅದು. ನೀ ತಿಕ್ಕ, ನಾ ಮಾತಾಡತೀನಿ. ನಮ್ಮ ಜೋಡಿ ಭಾರಿ ಐತಿ!

ಹನ್ನೊಂದಕ್ಕ ಹಾರೂಗೇರಿ ಕಲ್ಯಾಣ ಮಂಟಪದಾಗ ಇರಬೇಕು. ಬೆಂಗಳೂರಿಂದ ಮೂರ ಮಂದಿ ಸಾಹೇಬ್ರು ಬರಾಕತ್ತಾರ. ಮೂವರಿಗೂ ಮೂರ ಕೂಲರ್ ಇಟ್ಟೀವಿ. ಅವರದ ಒಂದ ಪ್ರಶ್ನಿ. ಈ ಕೃಷ್ಣಾಕಾಠ ಕರೆಂಟ ಸೊಸಾಯಿಟಿ ಇರಬೇಕೋ ಬ್ಯಾಡೋ? ನಮ್ಮ ಅಜ್ಜಗೋಳ ಶೇರ ಕೂಡಿಸಿ ಕಟ್ಟಿದ್ದು. ಕಂಬ ನಮ್ದು, ತಂತಿ ನಮ್ದು, ಲೈನಮನ್ ನಮ್ಮಂವಾ. ಅದನ್ನ ಮುಚ್ಚಿ ಸರಕಾರದ ದೊಡ್ಡ ಕಂಪನ್ಯಾಗ ಕಲಸೂದಂತ! ಹಿಟ್ಟ ಕಲಸಿದಂಗ! ಇವತ್ತ ಮೆಂಬರ್ ಮಂದಿ ಏನ ಹೇಳತಾರೋ ಅದರ ಮ್ಯಾಲ ಫೈಸಲಾ.

ಮತ್ತ ಈ ಮೆಂಬರ್ ಮಂದಿನ್ನ ಹಾಸಗಿಯಿಂದ ಎಬ್ಬಿಸಿದಂವ ಯಾರು? ಬಿಕಾಂ ಎರಡನೇ ವರ್ಷಕ್ಕ ಕಾಲೇಜಿಗೆ ಖುದಾ ಹಾಫೀಜ್ ಹೇಳಿದಂವ! ಪ್ರಿನ್ಸಿಪಾಲ ಸರ್ ಅಂದಿದ್ರು, "ನಿನಗ ಒಂದ ಅರ್ಜಿ ನೆಟ್ಟಗ ಬರಿಯಾಕ ಬರಂಗಿಲ್ಲಲೇ" ಅಂತ. ಈಗ ಬಂದ ನೋಡ್ರಿ ಸರ್! ಇಪ್ಪತ್ತೆಂಟ ಹಳ್ಳಿ, ನಾಕ ವಾರ, ಹನ್ನೊಂದ ಸಾವಿರ ಪೋಸ್ಟ ಕಾರ್ಡ! ಮಂತ್ರಿಗೋಳ ಮನಿಗೆ! ನಮ್ಮ ಪೋಸ್ಟಮಾಸ್ತರ ಕೈ ಮುಗದ ನಿಂತ, "ತಮ್ಮಾ, ಸ್ಟಾಕ್ ಖಾಲಿ, ಚಿಕ್ಕೋಡಿಯಿಂದ ತರಸಬೇಕು" ಅಂತ. ತರಸ್ರಿ ಅಂದ್ನಿ! ಲೋಕಶಾಹಿ ಬಂದ್ ಬೀಳಬಾರದು ಅಂದ್ನಿ!

ಏನೇನ ಬರದಾರ ಅಂತೀ ಮಾವಶಿ! ಅನಂತಪುರದಾಗ ಒಬ್ಬ ಮುತ್ಯಾ. "ಕರೆಂಟಿನ ಸಲವಾಗಿ ಬರಿ ಮುತ್ಯಾ" ಅಂದ್ರ, "ನನ್ನ ಎಮ್ಮಿ ಕಳದೈತಿ, ಬಲಗೋಡ ಮುರದೈತಿ, ಸಿಕ್ಕರ ತಿಳಸ್ರಿ" ಅಂತ ಮಂತ್ರಿಗೆ ಬರದಾನ! ಹಾಕಿದ್ನಿ. ಡಬ್ಬಿಗೆ ಹಾಕೇ ಬಿಟ್ನಿ! ಎಮ್ಮಿ ಕಳಕೊಂಡಂವನೂ ಮೆಂಬರ ಅಲಾ? ಕಾಗವಾಡ ಕಡೆಯವ್ರು ಮರಾಠ್ಯಾಗ ಬರದ್ರು, ಕುಡಚಿ ಮಂದಿ ಉರ್ದುದಾಗ. ಕುಡಚಿದು ಒಂದ ಕಾರ್ಡ ಅಂತೂ, ತಬಸ್ಸುಮ ಅಂತ, ಸ್ಟೇಶನ್ ಹತ್ರ ಅವರ ಬಳಿ ಅಂಗಡಿ… ಅದನ್ನ ನಾಕ ಸಲ ಓದೀನಿ.

ಯಾಕ ಹುಬ್ಬ ಏರಸಾಕತ್ತಿ? ಅಕ್ಷರ ಚಂದ ಇದ್ವು, ಅದಕ್ಕ! ತಿಕ್ಕ, ನೀ ತಿಕ್ಕ.

ಇವತ್ತಿನ ಪಟ್ಟ್ಯಾಗ ನಂಬರ್ ಒಂದ ಯಾರ ಹೆಸರ ಐತಿ ಗೊತ್ತೈತೇನ? ಸುಂದರಾ, ಹಿಟ್ಟಿನ ಗಿರಣಿ! ನಿಮ್ಮ ಮಾವಂದು ಶೇರ ನಂಬರ್ ಒಂದ. ಈ ಊರಾಗ ಮೊದಲ ಕರೆಂಟ ಬಂದದ್ದ ಈ ಗಿರಣಿಗೆ. ನೀ ಮೈಕ್ ಮುಂದ ನಿಂತಿ ಅಂದ್ರ ಸಾಹೇಬ್ರು ಪೆನ್ನ ಕೆಳಗ ಇಟ್ಟ ಕೇಳಬೇಕು. ನನಗೂ ಒಂದ ಎರಡ ಮಿನಿಟ ಕೊಡ್ರಿ ಅಂತ ಚೇರಮನ್ ವಿರುಪಾಕ್ಷಪ್ಪ ಸಾವಕಾರಗ ಕಾಲ ಬೀಳೂದೊಂದ ಬಾಕಿ ಇಟ್ಟಿದ್ನಿ. "ನಿನ್ನ ಕೈಯಾಗ ಮೈಕ್ ಕೊಟ್ರ ಮದವಿ ಬ್ಯಾಂಡ ಇದ್ದಂಗ, ಹಚ್ಚಾಕ ಬರತೈತಿ, ಬಂದ್ ಮಾಡಾಕ ಬರಂಗಿಲ್ಲ" ಅಂದ. ಇರಲಿ! ಮಾತ ನಂದು, ಬಾಯಿ ನಿಂದು!

ಹಾಂ, ಆ ಹಾಳಿ ಎಲ್ಲೈತಿ? ಮೊನ್ನಿ ಬರದ ಕೊಟ್ಟಿದ್ನೆಲ್ಲ, ಭಾಷಣಾ? ಬಾಯಿಪಾಠ ಆತಿಲ್ಲೋ?

ಏನ ತೋರಸ್ತಿ? ಎಲ್ಲೆ? ಆ ಪುಡಿಕಿ? ಆ ಪುಡಿಕ್ಯಾಗ ಏನ… ಅಯ್ಯಯ್ಯಯ್ಯ! ಮಶೇರಿ ಕಟ್ಟಿಯೇನ ಅದರಾಗ! ಮಾವಶೀ! ಎರಡ ದಿನಾ ಕುಂತ ಬರದಿದ್ನಿ ಬೇ! ನೋಡ ಇಲ್ಲೆ, "ಸನ್ಮಾನ್ಯ ಸಾಹೇಬರೇ" ಅನ್ನೂದರ ಮ್ಯಾಲ ತಂಬಾಕ! ನಗತಾಳ ಮತ್ತ… ನಗ, ನಗ. ನನಗ ಬಾಯಿಪಾಠ ಐತಿ. ಹೇಳತೀನಿ, ಕೇಳ. ಎದಿ ಮ್ಯಾಲ ಕೈ ಇಟಗೋಬೇಕು, ಹಿಂಗ.

"ಅಣ್ಣಗೋಳ್ರ್ಯಾ, ಅಕ್ಕಗೋಳ್ರ್ಯಾ! ಗುರುವಾರ ನಮ್ಮೂರ ಟ್ರಾನ್ಸಫಾರ್ಮರ, ನಮ್ಮ ಟೀಸಿ, ತಾನಾಗೇ ಸುಡಲಿಲ್ಲ. ಸುಟ್ಟಾರ! ನಮ್ಮ ಸೊಸಾಯಿಟಿ ಹೆಸರ ಕೆಡಸಾಕ ಹೊರಗಿಂದೊಂದ ತಲಿ, ಒಳಗಿಂದೊಂದ ಕೈ ಸೇರಿ ಸುಟ್ಟಾರ! ನನ್ನ ಗಿರಣಿ ಮೋಟರನೂ ಸುಟ್ಟ ಹೋತು!" ಇಲ್ಲೆ ನೀ ಸೆರಗಲೇ ಕಣ್ಣ ಒರಸಬೇಕು. ಭಾಳ ಅಲ್ಲ, ಸ್ವಲ್ಪ. ಒಂದ ಕಣ್ಣ ಸಾಕು.

ಯಾಕ, ಬೆರಳ ಬಾಯಾಗ ನಿಂತ ಬಿಡ್ತಲ್ಲ? ತಿಕ್ಕ.

ಚಲೋ ಆಗಿಲ್ಲೇನ? ಚೇರಮನ್ನಗ ಭಾಳ ಸೇರೇತಿ. ವಿಡಿಯೋ ಹಾಕಿದ್ನಿ, "ಒಳಗಿನ ಕೈ ಯಾರದು?" ಅಂತ ಕೆಂಪ ಅಕ್ಷರದಾಗ, ಹಿಂದ ಢೋಲ ಬಡದ. ನಲವತ್ತ ಸಾವಿರ ಮಂದಿ ನೋಡ್ಯಾರ! ಅಥಣಿಯಿಂದ ಫೋನ ಬರಾಕತ್ತಾವ! ಮಂದಿಗೆ ಓಲ್ಟೇಜಿನ ಮಾತ ಹೇಳಿದ್ರ ಆಕಳಸ್ತಾರ ಮಾವಶಿ, ದುಶ್ಮನ್ ಅದಾನ ಅಂದ್ರ ಎದ್ದ ಕೂಡತಾರ.

ಹಂಗ ನೋಡಬ್ಯಾಡ. ಮೋಟರ ನೋಡಿ ನನ್ನ ನೋಡಬ್ಯಾಡ. ನಿನ್ನ ಮೋಟರ ರಿವೈಂಡಿಂಗಿಗೆ ನಾನ ಹೊತಗೊಂಡ ಹೋಗತೀನಿ, ತಲಿ ಮ್ಯಾಲ. ಖರೇನ.

ಗುರುವಾರದ್ದ ಕಾರ್ಯಕ್ರಮ ಅಂತೂ ಚಂದ ಇತ್ತಿಲ್ಲೋ? ನೀನೂ ಇದ್ದೆಲ್ಲ! ದಿನಾ ಮುಳಗೂ ಹೊತ್ತು. ಮೊದಲನೇ ಶೀಟಿ ಊದಿದ್ನಿ, ಇಡೀ ಊರು ಮೇನ್ ಆರಿಸ್ತು. ಮನಿ, ಅಂಗಡಿ, ನಿನ್ನ ಗಿರಣಿ, ಹೊಲದಾಗ ನಲವತ್ತ ಪಂಪ. ಐದ ಮಿನಿಟ ಕತ್ತಲಿ! ಸೊಸಾಯಿಟಿ ಹೋದ್ರ ಹಿಂಗ! ಮ್ಯಾಲ ನನ್ನ ಗೆಳ್ಯಾ ದುಂಡೇಶನ ಡ್ರೋನ್ ಗುಂಯ್ ಅಂತ ಶೂಟಿಂಗ್ ಮಾಡಾಕತ್ತಿತ್ತು. ಆಮ್ಯಾಲ ಎರಡನೇ ಶೀಟಿ! ಫಕ್ಕನ ಊರಿಗೂರ ಒಮ್ಮೆಲೇ ಬೆಳಕ! ಸೊಸಾಯಿಟಿ ಇದ್ರ ಹಿಂಗ! ಮೈ ಝುಂ ಅಂತು ಮಾವಶಿ… ಮೂರ ಸೆಕೆಂಡ.

ಆಮ್ಯಾಲ ಢಂ ಅಂತು.

ಹೌದು, ಢಂ. ಅದನ್ನೇನ ಕೇಳತಿ. ಟೀಸಿ ಒಂದ ಸಲ ಬೆಂಕಿ ಕಾರಿ ಆರೇ ಬಿಡ್ತು. ಅದೂ ಡ್ರೋನಿನಾಗ ಬಂದೈತಿ. ಹೇಳಬಾರದು, ಆದ್ರ ಚಂದ ಬಂದೈತಿ.

ಅಳಿಲ ಹೊಕ್ಕಿರಬೇಕು ಅಂದ್ನಿ ಮೊದಲ. ಯಾರೂ ನಂಬಲಿಲ್ಲ. ಸುಟ್ಟ ಅಳಿಲ ತೋರಸ ಅಂದ್ರು. ಅಳಿಲ ಎಲ್ಲಿಂದ ತರಲಿ? ಆವಾಗ ಬಾಯಾಗ ಬಂತ ನೋಡ, "ಒಳಗಿನ ಕೈ". ಹಂಗ ಸುಮ್ಮನ. ಕೇಳಾಕ ಭಾರ ಅನಸ್ತು. ನಾ ಯಾರ ಹೆಸರೂ ಹೇಳಿಲ್ಲ! ಹೆಸರ ಹೇಳಿದ್ರ ನನ್ನ ನಾಲಿಗಿ ಬೀಳಲಿ. ಮಂದೀನ ಮಾಳಸಿದ್ದ, ಮಾಳಸಿದ್ದ ಅನ್ನಾಕ ಹತ್ತಿದ್ರು. ಲೈನಮನ್ ಅಂದ್ರ ಟೀಸಿ ಹತ್ರ ಹೋಗಾವ ಅವನೊಬ್ಬನ ಅಲಾ, ಅದಕ್ಕ. ಹೊರಗಿನವ್ರ ಕಡೆ ರೊಕ್ಕ ತಿಂದಾನ ಅಂದ್ರು. ಚೇರಮನ್ ಅವನ ಪಕ್ಕಡ, ಬೆಲ್ಟ ಎರಡೂ ಇಸ್ಕೊಂಡ, "ಚೌಕಶಿ ಮುಗಿಯೂಮಟ ಕಂಬ ಮುಟ್ಟಬ್ಯಾಡ" ಅಂದ. ಇವತ್ತ ಸಾಹೇಬ್ರ ಮುಂದ ಅವನ ಹೆಸರ ಬರಕೊಡಾವ್ರ ಅದಾರ. ನೌಕರಿ ಹೋಗತೈತಿ ಅಂತಾರ… ಎಲ್ಲಿ ಹೋಗತೈತಿ ತಗೋ! ಒಂದ ತಿಂಗಳ ಬಿಟ್ಟ ಎಲ್ಲಾರೂ ಮರೀತಾರ.

ಮರಿಯಂಗಿಲ್ಲೇನ?

ಅಲ್ಲ, ಅಂವಾ ಹುಚ್ಚ ಅದಾನ. ಗುರುವಾರ ರಾತ್ರೀನ ಹೊಸಾ ಟೀಸಿ ಟ್ರ್ಯಾಕ್ಟರಿನಾಗ ಹೇರಕೊಂಡ ಬಂದಂವಾ ಅವನ. ಏರಿಸಿದಂವಾ ಅವನ. ಮರದಿನ ಹಾಲ ಹಿಂಡೂ ಹೊತ್ತಿಗೆ ಊರಿಗೆ ಕರೆಂಟ! ಇಡೀ ಜಿಲ್ಹಾದಾಗ ಯಾವೂರಾಗರ ಇಷ್ಟ ಲಗೂ ಆಗೈತೇನ? ಇದನ್ನ ಹೇಳಬೇಕಿತ್ತಲ್ಲ ಅಂವಾ? ಹೇಳಲಿಲ್ಲ. ಚೌಕಶ್ಯಾಗ, "ಒಮ್ಮೆಲೇ ಹಚ್ಚಬ್ಯಾಡ್ರಿ ಅಂತ ಹೇಳಿದ್ನಿ" ಅಂದನಂತ. "ಯಾರಿಗೆ ಹೇಳಿದಿ?" ಅಂದ್ರ ಸುಮ್ಮನ ನಿಂತನಂತ. ಸುಮ್ಮನ! ನೆಲಾ ನೋಡಕೋತ! ಯಾರಿಗೆ ಹೇಳಿದಿ ಅಂದ್ರ ಒಂದ ಹೆಸರ ಹೇಳಾಕ ಏನಾಗಿತ್ತ ಅವಗ?

ನಾ ಅಲ್ಲೇ ಇದ್ನಿ. ಫೋನ ನೋಡಾಕತ್ತಿದ್ನಿ. ಮೆಸೇಜ ಬಂದಿತ್ತ.

ಹಾಂ, ಎದ್ದೇನ? ತೊಳಕೋ, ತೊಳಕೋ. ತಾ, ತಂಬಗಿ ನಾ ಹಿಡಿತೀನಿ. ಹಾಕ್ಲಾ ನೀರ? …ಮುಕ್ಕಳಸ. ಇನ್ನೊಮ್ಮೆ. ಹಲ್ಲ ನೋಡ, ಮುತ್ತ ಇದ್ದಂಗ ಅದಾವ! ಈಗ ಮಾತಾಡ ಬೇ. ಒಂದ ಸಲ ಅಂದ ತೋರಸ. "ಅಣ್ಣಗೋಳ್ರ್ಯಾ, ಅಕ್ಕಗೋಳ್ರ್ಯಾ…" ಅನ್ನು.

ಅನ್ನು.

ಹಂಗ್ಯಾಕ ಮತ್ತ ಕುಂತಿ? ಬಾಯಾಗ ಏನೂ ಇಲ್ಲಲ್ಲ ಈಗ. ಸಿಟ್ಟ ಬಂದೈತೇನ? ಮೋಟರಿಂದೇನ? ತಬಸ್ಸುಮಂದೇನ? ಬೈ ಬೇಕಾದ್ರ! "ಇಸರ್ಯಾ, ಹಲ್ಕಟ್" ಅಂತ ಒಂದ ಸಲ ಅಂದ ಬಿಡ, ಹಗರ ಆಗತೈತಿ. ನಿನಗಲ್ಲ, ನನಗ.

ಏನೈತಿ ಹೇಳಾಕ? ಮಾಳಸಿದ್ದ ಹೇಳಿದ್ದಕ್ಕ ಸಾಕ್ಷಿ ಇಲ್ಲ. ಅಂವಾ ಒಬ್ಬ, ಆಮ್ಯಾಲ… ಆಮ್ಯಾಲ ಅಂವಾ ಯಾರಿಗೆ ಹೇಳಿದ್ನೋ ಅಂವಾ ಒಬ್ಬ. ಮೂರನೇದವ್ರು ಯಾರೂ ಇರಲಿಲ್ಲ ಅಲ್ಲೆ.

ಯಾಕ ಪಾವಟಿಗಿ ಬಡಿತಿ? ಕೂಡ್ರಬೇಕೇನ? ಕುಂತ್ನಿ ತಗೋ. ಅಂಗಿಗೆ ಹಿಟ್ಟ ಹತ್ತತೈತಿ… ಹತ್ತಲಿ. ಕುಂತೀನಲ್ಲ. ಮತ್ಯಾಕ ಬಡಿತಿ? ಇದ ಪಾವಟಿಗಿ. ಗೊತ್ತೈತಿ, ನಿಂದ ಪಾವಟಿಗಿ, ದಿನಾ ಮುಂಜಾನೆ ಇಲ್ಲೇ ಕುಂತ ತಿಕ್ಕತಿ, ಅದರಾಗ…

ದಿನಾ ಮುಂಜಾನೆ.

ಗುರುವಾರನೂ.

…ಇಲ್ಲೇ ಇದ್ದಿ ನೀ. ಹೌದಿಲ್ಲೋ? ಅಂವಾ ಸೈಕಲ್ಲ ಇದ ಕಂಬಕ್ಕ ಆನಿಸಿ ನಿಂತಿದ್ದ. ನಾ ಇಲ್ಲೆ, ಕೊಳ್ಳಾಗ ಶೀಟಿ ಹಾಕ್ಕೊಂಡ. "ಇಸ್ರಾರ, ಎರಡನೇ ಶೀಟಿ ಒಮ್ಮೆಲೇ ಊದಬ್ಯಾಡಪಾ" ಅಂದ. "ಓಣಿ ಓಣಿ ಹಚ್ಚಸ. ಹೊಲದ ಪಂಪಿಗೆ ಎಲ್ಲಾ ಆಟೋ ಸ್ಟಾರ್ಟರ ಅದಾವ, ಕರೆಂಟ ಬಂದ ಕೂಡ್ಲೇ ತಾವ ಚಾಲೂ ಆಗತಾವ. ನಲವತ್ತ ಪಂಪ ಒಮ್ಮೆಲೇ ಎದ್ರ ಟೀಸಿ ತಡಿಯಂಗಿಲ್ಲ. ಮೊದಲ ಸ್ಟಾರ್ಟರ ಬಂದ್ ಮಾಡಸ, ಗ್ರುಪ್ಪಿನಾಗ ಎಲ್ಲಾರಿಗೂ ಹಾಕ" ಅಂದ. "ಆತ ಕಾಕಾ, ಹಾಕ್ತೀನಿ" ಅಂದ್ನಿ. ನಗಕೋತ ಅಂದ್ನಿ. ನೀ ತಿಕ್ಕಾಕತ್ತಿದ್ದಿ. ಬಾಯಾಗ ಮಶೇರಿ. ನಾ ನಿನ್ನ ಲೆಕ್ಕದಾಗ ಹಿಡೀಲೇ ಇಲ್ಲ. ಗ್ವಾಡಿ ಇದ್ದಂಗ ಇದ್ದಿ ಅಂತ…

ಟೈಪ ಮಾಡಿದ್ನಿ ಮಾವಶಿ. ಖರೇನ ಟೈಪ ಮಾಡಿದ್ನಿ. ಕಳಸಲಿಲ್ಲ. ಓಣಿ ಓಣಿ ಹಚ್ಚಿದ್ರ ಡ್ರೋನಿನಾಗ ಚಂದ ಕಾಣಂಗಿಲ್ಲ ಅಂದ ದುಂಡೇಶ. ಅಲ್ಲ, ದುಂಡೇಶ ಅಲ್ಲ, ನಾನ ಅಂದ್ನಿ. ಅಳಸಿ ಬಿಟ್ನಿ.

ಅಂವಾ ನನ್ನ ಹೆಸರ ಯಾಕ ಹೇಳಲಿಲ್ಲ? ಹೇಳಬಾರದಾಗಿತ್ತೇನ? "ಇಸ್ರಾರಗ ಹೇಳಿದ್ನಿ" ಅಂತ… ಮೂರ ಶಬ್ದಾನೂ ಇಲ್ಲ. ನೀನರ ಹೇಳಬಹುದಿತ್ತು. ನೀನೂ ನಾಕ ದಿನದಿಂದ ಎಲ್ಲಾ ಗೊತ್ತಿದ್ದ ಸುಮ್ಮನ ಕುಂತೀ. ಭಾಷಣದಾಗ ಮಶೇರಿ ಕಟಗೊಂಡ. ನನ್ನ ದಾರಿ ಕಾಯಾಕತ್ತಿದ್ದೇನ?

ಟಮಟಮ ಬಂತು. ಹಾರ್ನ್ ಹೊಡ್ಯಾಕತ್ತಾನ ನೋಡ. ಬಂದ್ವೋ, ತಡೀ!

ಆ ಪುಡಿಕಿ ಇಲ್ಲೇ ಇಡ. ಬ್ಯಾಡ ಅದು. ನಿನ್ನ ಪಾಳಿ ಇವತ್ತ ನನಗ ಕೊಡ ಮಾವಶಿ. ಚೇರಮನ್ ಒದರತಾನ, ಒದರಲಿ, ನೀ ಶೇರ ನಂಬರ್ ಒಂದ, ನೀ ಕೊಟ್ಟರ ಯಾರೂ ಇಸಗೋಳಾಂಗಿಲ್ಲ. ಟೀಸಿ ಸುಟ್ಟಂವಾ ನಾನು, ಮೆಂಬರ್. ಒಂದ ರಾತ್ರ್ಯಾಗ ಹೊಸಾದ ಹಾಕಿದಂವಾ ಮಾಳಸಿದ್ದ, ನಮ್ಮ ಲೈನಮನ್. ಅಷ್ಟ ಹೇಳತೀನಿ. ಢೋಲ ಇಲ್ದ. ಆಮ್ಯಾಲ ಸಾಹೇಬ್ರು ಸೊಸಾಯಿಟಿ ಇಡಲಿ, ಮುಚ್ಚಲಿ, ನನ್ನ ಕಂಬಕ್ಕ ಕಟ್ಟಲಿ.

ಈಗರ ಏನರ ಅನ್ನ ಬೇ.

ಆ ಓಣಿ ಕಡೆ ಯಾಕ ಕೈ ತೋರಸ್ತಿ?

…ಗೊತ್ತಾತು. ಏಯ್, ಡ್ರೈವರ್! ಹಾರೂಗೇರಿ ಆಮ್ಯಾಲ. ಮೊದಲ ಮಾಳಸಿದ್ದನ ಮನಿ ಮುಂದ ನಿಂದರಸ. ಇಲ್ಲ, ನೀ ಗಾಡ್ಯಾಗ ಕೂಡ್ರ ಮಾವಶಿ. ಅಲ್ಲಿಗೆ ನಾ ಒಬ್ಬನ ಇಳೀತೀನಿ. ಅಲ್ಲೆ ಮೈಕ್ ಬ್ಯಾಡ.