ಗಂಟಲು ಕಟ್ಟಿದ ದೆವ್ವ

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಶ್ರೀಮಂತರು ಎಲ್ಲ ಊರಲ್ಲೂ ಇರುತ್ತಾರೆ, ನಮ್ಮ ಈ ಚರ್ಚಿನ ಮುಂದಿನ ಬೆಂಚಿನಲ್ಲೂ ಇದ್ದಾರೆ. ನಗಬೇಡಿ, ಹಿಂದಿನ ಬೆಂಚಿನವರ ಸರದಿಯೂ ಬರುತ್ತದೆ.

ಮನೆಯಿಂದ ಕೂಗಳತೆಯಲ್ಲಿ ಇವನ ತೋಟ, ತೋಟದಲ್ಲಿ ಒಂದು ಬಾವಿ. ಎಂಥ ಬೇಸಿಗೆಯಲ್ಲೂ ಬತ್ತದ ಬಾವಿ. ಕೇರಿಯ ಹೆಂಗಸರು ಕೊಡ ಹಿಡಿದು ಬರತೊಡಗಿದರು. ಅವನಿಗೆ ಅದು ಇಷ್ಟವಿಲ್ಲ. ಬರಬೇಡಿ ಎನ್ನಲು ನಾಚಿಕೆ, ಏಕೆಂದರೆ ಭಾನುವಾರ ದೇವಾಲಯದಲ್ಲಿ ಅವರ ಮುಖ ನೋಡಬೇಕಲ್ಲ! ಅದಕ್ಕೆ ಒಂದು ಉಪಾಯ ಮಾಡಿದ.

"ಆ ಬಾವೀಲಿ ದೆವ್ವ ಅದೆ. ಮಟಮಟ ಮಧ್ಯಾಹ್ನ ಕೂಗ್ತದೆ. ನಿಮ್ಮೋರ ದನೀಲೇ, ನಿಮ್ಮ ಹೆಸರು ಹಿಡಿದೇ ಕೂಗ್ತದೆ. ಓಗೊಟ್ರೋ, ಸತ್ರಿ" ಎಂದು ಸುದ್ದಿ ಹಬ್ಬಿಸಿದ.

ನೋಡಿ, ಸುಳ್ಳು ಹೇಳುವುದರಲ್ಲೂ ಎಷ್ಟು ಬುದ್ಧಿ! ಹೆಂಗಸರು ಆ ಕಡೆ ತಲೆ ಹಾಕಲಿಲ್ಲ. ಅವನ ಸ್ವಂತ ತಾಯಿ ನಂಬಿದಳು, ಹೆಂಡತಿ ದಯಾಮಣಿಯೂ ನಂಬಿದಳು. ಅವರಿಗಾದರೂ ನಿಜ ಹೇಳಿದನೇ? ಇಲ್ಲ.

ಒಂದು ದಿನ ಪೇಟೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ, ಯಾರಾದರೂ ಕದ್ದು ನೀರು ಸೇದುತ್ತಾರೋ ಎಂದು ನೋಡಲು ಮಟಮಟ ಮಧ್ಯಾಹ್ನ ಸದ್ದಿಲ್ಲದೆ ತೋಟಕ್ಕೆ ಬಂದ. ಬಾವಿಯೊಳಗೆ ಬಗ್ಗಿದ. ಜನ ಬಾರದ ಬಾವಿಯ ಕಟ್ಟೆಯನ್ನು ಯಾರು ಸರಿಮಾಡುತ್ತಾರೆ? ಕಲ್ಲು ಸಡಿಲವಾಗಿತ್ತು. ಕಲ್ಲಿನ ಜೊತೆ ಇವನೂ ಬಿದ್ದ. ಕೆಳಗೆ ಆಳದ ನೀರು. ಕಲ್ಲಿನ ಸಂದೊಂದು ಕಾಲಿಗೆ ಸಿಕ್ಕಿತು, ಗೋಡೆಯಿಂದ ಚಾಚಿದ ಒಂದು ಬೇರು ಕೈಗೆ ಸಿಕ್ಕಿತು. ಅದನ್ನು ಬಿಟ್ಟರೆ ಮುಗಿಯಿತು.

"ಯಾರೋ ಅಲ್ಲಿ? ಬರ್ರೋ!" ಎಂದು ಯಜಮಾನನ ಗತ್ತಿನಲ್ಲೇ ಕೂಗಿದ.

ಮೇಲೆ ಹೆಜ್ಜೆಯ ಸಪ್ಪಳ ಕೇಳಿಸಿತು. ಹತ್ತಿರ ಬಂತು. ನಿಂತಿತು. ಆಮೇಲೆ ಓಡಿಹೋಯಿತು.

ಆಳುಗಳ ಹೆಸರು ಹಿಡಿದು ಕೂಗಿದ, ನೆರೆಯವರ ಹೆಸರು ಹಿಡಿದು ಕೂಗಿದ. ಒಂದೊಂದು ಹೆಸರಿಗೆ ಎಲ್ಲೋ ಒಂದೊಂದು ಬಾಗಿಲು ಮುಚ್ಚಿದ ಸದ್ದು. ಸುಡುಬಿಸಿಲು, ಊರೆಲ್ಲ ಎಚ್ಚರವಾಗಿದೆ, ಆದರೆ ಒಂದು ಮಗುವಿನ ಅಳುವೂ ಇಲ್ಲ, ಒಂದು ನಾಯಿಯೂ ಬೊಗಳುವುದಿಲ್ಲ. ಅವನ ದನಿ ಬಾವಿಯ ಗೋಡೆ ಸುತ್ತಿ ಅವನಿಗೇ ವಾಪಸು ಬರುತ್ತಿತ್ತು, ಬೇರೆ ಯಾರದೋ ದನಿಯಾಗಿ. ಕೂಗುತ್ತಿರುವುದು ನಾನೋ ಇನ್ನಾರೋ ಎಂದು ಅವನಿಗೇ ಹೆದರಿಕೆಯಾಯಿತು.

ಕಡೆಗೆ ಹೆಂಡತಿಯನ್ನು ಕೂಗಿದ. ಹಳೆಯ ಕಾಲದ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದರೇ? "ಏ ಇವಳೇ", "ಲೇ", ಅಷ್ಟೇ. ಮದುವೆಯಾದಾಗಿನಿಂದ ಅವಳ ಹೆಸರು ಅವನ ಬಾಯಲ್ಲಿ ಬಂದದ್ದಿಲ್ಲ. ಅವತ್ತು ಬಂತು. "ದಯಾಮಣೀ!"

ಅವಳು ಒಲೆಯ ಮುಂದಿನಿಂದ ಎದ್ದು ನಿಂತಳು. "ಅತ್ತೆ, ಅವರೇ ಕಣತ್ತೆ, ಅವರದೇ ದನಿ."

"ಅವನು ಪ್ಯಾಟೆಗೆ ಹೋಗವ್ನೆ. ನನ್ ಮಗ ಯಾವತ್ತಾದ್ರೂ ನಿನ್ ಹೆಸ್ರು ಹಿಡ್ದು ಕೂಗವ್ನಾ? ಅದು ಅವನಲ್ಲ ಕಣೇ. ಓಗೊಡಬ್ಯಾಡ" ಎಂದಳು ಅತ್ತೆ.

ಹೆತ್ತ ತಾಯಿಯ ಮಾತು ಇದು. ದಯಾಮಣಿ ಬಾಗಿಲಿಗೆ ಅಗಳಿ ಹಾಕಿದಳು.

ಇನ್ನು ಕರೆಯಲು ಯಾರಿದ್ದಾರೆ? ಮತ್ತೆ ಹೆಂಡತಿಯ ಹೆಸರನ್ನೇ ಕೂಗಲು ಹೋದ. ಉಸಿರು ಸಾಲಲಿಲ್ಲ. "ದಯಾ" ಅಂತಷ್ಟೇ ಬಂತು. ಆ ಅರ್ಧ ಹೆಸರು ಬಾಯಲ್ಲೇ ಪ್ರಾರ್ಥನೆಯಾಯಿತು. "ದಯಾ... ದಯಾ ತೋರ್ಸು ಕರ್ತನೇ." ಉತ್ತರವಿಲ್ಲ. ಮತ್ತೆ ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಭಾನುವಾರ ಭಾನುವಾರ ನಾಲ್ಕು ಜನ ಮೆಚ್ಚುವಂತೆ ಇಂಪಾಗಿ ಪ್ರಾರ್ಥಿಸುತ್ತಿದ್ದ ಗಂಟಲು ಅದು. ಅವತ್ತು ಒಡೆದುಹೋಯಿತು. ಆದರೂ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ದಯಾಮಣಿ ಬಾಗಿಲಿಗೆ ಕಿವಿಯಿಟ್ಟು ಕೂತೇ ಇದ್ದಳು. ಮಧ್ಯಾಹ್ನದ ಆ ದನಿ ಈಗ ಗೊಗ್ಗರವಾಗಿತ್ತು. ನಡುವೆ ಕೆಮ್ಮು ಬೇರೆ.

"ಅತ್ತೆ, ದೆವ್ವಕ್ಕೆ ಗಂಟಲು ಕಟ್ತದಾ?"

 ಸೊಸೆ ನೀರು ಸೇದುವ ಹಗ್ಗ ತೆಗೆದುಕೊಂಡು ನಡೆದಳು. ಅತ್ತೆ ಕಿರುಚಿದ್ದಕ್ಕೆ ಕೇರಿಯ ಗಂಡಸರು ಹೊರಬಂದರು, ಆದರೆ ದೂರವೇ ನಿಂತರು. ಬಾವಿಯೊಳಗೆ ಏನೂ ಕಾಣದು. ಕತ್ತಲೆಯಿಂದ "ದಯಾ" ಎಂದು ಬಂತು. ಓಗೊಟ್ಟರೆ ಸಾಯುತ್ತೇನೆ ಎಂದು ಅವಳು ಇನ್ನೂ ನಂಬಿದ್ದಳು. ನೋಡಿ, ನಂಬಿಕೊಂಡೇ ಅವಳು "ಓ" ಎಂದಳು.

ಕೆಳಗೆ ಒಬ್ಬ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ದೆವ್ವ ಅಳುವುದಿಲ್ಲ ಎಂದು ಆಗ ಎಲ್ಲರಿಗೂ ಧೈರ್ಯ ಬಂತು. ಎಳೆದು ಮೇಲೆ ಹಾಕಿದರು. ಎಷ್ಟೋ ದಿನ ಅವನಿಗೆ ದನಿಯೇ ಬರಲಿಲ್ಲ. ಬಂದ ದಿನ ಕೇರಿಯ ಹೆಂಗಸರನ್ನು ಬಾವಿಯ ಹತ್ತಿರ ಕರೆದು ಹೇಳಿದ: "ಇದ್ರಲ್ಲಿ ದೆವ್ವ ಇರ್ಲಿಲ್ಲ ಕಣ್ರವ್ವ. ನಾನೇ ಇದ್ದದ್ದು. ನೀರು ತಕ್ಕೊಳ್ಳಿ."

ಕಥೆ ಮುಗಿಯಿತು. ಈಗ ನಿಮ್ಮ ಸರದಿ, ಹಿಂದಿನ ಬೆಂಚಿನವರದೂ ಸೇರಿ. ನಿಮ್ಮ ಪ್ರಾರ್ಥನೆಯ ದನಿ ಹೇಗಿದೆ? ಒಂದು ಸಲ ಕೂಗಿ, ಆಕಳಿಸಿ, ಮಲಗಿಬಿಡುತ್ತೀರಿ. ಕುಡಿಯುವ ಗಂಡನಿಗಾಗಿ ಒಂದು ವಾರ ಬೇಡಿದಿರಿ, ಬಿಟ್ಟಿರಿ. ವಾಸಿಯಾಗದ ಮಗುವಿಗಾಗಿ ಒಂದು ತಿಂಗಳು ಬೇಡಿದಿರಿ, ಬಿಟ್ಟಿರಿ. ಆಮೇಲೆ ದೇವರು ಕೇಳಲಿಲ್ಲ ಎನ್ನುತ್ತೀರಿ! ಕರ್ತನು ಅಗಳಿ ಹಾಕಿಕೊಂಡು ಹೆದರಿ ಕೂತವನಲ್ಲ. ಮೊದಲ ಕೂಗಿಗೇ ಆತನಿಗೆ ನಿಮ್ಮ ದನಿ ಗೊತ್ತು. ಹಾಗಾದರೆ ಏಕೆ ತಡ? ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಈ ಪೀಠದಿಂದ ಸುಳ್ಳು ಹೇಳಲಾರೆ. ಇಷ್ಟು ಗೊತ್ತು: ಮೊದಲ ಕೂಗಿಗೇ ಮೇಲೆ ಬಂದಿದ್ದರೆ ಆ ಮನುಷ್ಯ ಬಾವಿಗೆ ಬೇಲಿ ಹಾಕಿಸುತ್ತಿದ್ದ. ಶಿಲುಬೆಯ ಮೇಲೆ ನಮ್ಮ ಕರ್ತನೂ ಗಂಟಲು ಒಣಗಿಯೇ ಕೂಗಿದ. ನಮ್ಮ ಗಂಟಲೇನು ಅದಕ್ಕಿಂತ ದೊಡ್ಡದೇ?

ಮನೆಗೆ ಹೋಗಿ. ಕೈಬಿಟ್ಟ ಆ ಒಂದು ಬೇಡಿಕೆಯನ್ನು ನಾಳೆ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬಾಯಿಬಿಟ್ಟು ಹೇಳಿ. ಪಕ್ಕದ ಮನೆಯವರಿಗೆ ಕೇಳಿದರೆ ಕೇಳಲಿ. ನಾಡಿದ್ದು ಅದನ್ನೇ ಹೇಳಿ. ದನಿ ಒಡೆದರೆ ಒಡೆದ ದನಿಯಲ್ಲೇ ಹೇಳಿ. ಹಾಗೆಯೇ ಗೋಡೆಯಾಚೆಯಿಂದ ಇನ್ನೊಬ್ಬರ ಒಡೆದ ದನಿ ಕೇಳಿಸಿದರೆ, ನಮಗೇಕೆ ಎಂದು ಅಗಳಿ ಹಾಕಬೇಡಿ.

ಈಗ ಕಣ್ಣು ಮುಚ್ಚಿ, ಸುಮ್ಮನೆ ಕೂತು ಕೇಳಿ. ನಿಮ್ಮ ಹೆಸರು ಹಿಡಿದು ಯಾರೋ ಬಹಳ ಹೊತ್ತಿನಿಂದ ಕೂಗುತ್ತಿದ್ದಾರೆ. ಹೆದರಬೇಡಿ. "ಓ" ಅನ್ನಿ.