ಬೈಯಲು ಹೊರಟವಳು

ರಾಬರ್ಟ್‌ಸನ್‌ಪೇಟೆಯಲ್ಲಿ ಬಂಗಾರಪೇಟೆ ಬಸ್ಸಿಗೆ ಕಾದಿದ್ದ ಗಂಗರತ್ನಮ್ಮನ ಪಕ್ಕದಲ್ಲೇ ಅಕ್ಕ ತಂಗಿ ಕೂತಿದ್ದರು. ಅಕ್ಕ ಆರೋಗ್ಯಮ್ಮನ ಕೈಯಲ್ಲಿದ್ದ ಜಪಮಾಲೆ ನೋಡಿ ತಂಗಿ ಮೂತಿ ತಿರುವಿದಳು.

“ಅನ್ನೆರಡು ವರ್ಸದಿಂದ ಎಣಿಸ್ತಾನೇ ಇದ್ದೀಯ. ಭಾವನ ಎದೇಲಿರೋ ಗಣಿ ದೂಳು ಒಂದು ಚಿಟಿಕೆ ಕಮ್ಮಿ ಆಯ್ತಾ?”

“ಇಲ್ಲ. ಈಗ ಮೆಟ್ಲು ಅತ್ತೋಕೂ ಉಸುರು ಸಾಲಲ್ಲ.”

“ನಮ್ಮ ಪಾಸ್ಟರ್ ಸರಿಯಾಗೇ ಅಂದ್ರು. ನಿಂಗೆ ನಂಬಿಕೆ ಸಾಲ್ದು.”

“ಥೂ! ಅಳೆಯೋಕೆ ಅವನ ಅತ್ರ ಸೇರು ಐತಾ? ಅವನಿಗೆ ಅಲ್ಲು ನೋವು ಬಂದಾಗ ಮಂಡಿ ಊರಿದ್ನೋ, ಡಾಕ್ಟ್ರ ಅತ್ರ ಓಡಿದ್ನೋ?”

ತಂಗಿ ಫೋನ್ ಕೈಗೆತ್ತಿಕೊಂಡಳು.

“ಮತ್ತೆ ನೀನ್ಯಾಕೆ ದಿನಾ ಚರ್ಚಿಗೆ ಓಗ್ತೀಯ? ಏನು ಬೇಡ್ಕೊಂತೀಯ?”

“ಬೇಡ್ಕೊಳ್ಳೋದು ಬಿಟ್ಟು ಎಷ್ಟೋ ದಿನ ಆಯ್ತು. ಬೈಯೋಕೆ ಓಗ್ತೀನಿ.”

“ದೇವ್ರನ್ನಾ?”

“ಇನ್ಯಾರನ್ನ? ನಾನು ಬಾಯಿ ತೆಗೆದ್ರೆ ಮಕ್ಳು ಎದ್ದು ಓಗ್ತಾರೆ, ನೀನು ಫೋನ್ ನೋಡ್ತೀಯ. ಶಿಲುಬೆ ಮೇಲಿರೋನು ಎಲ್ಲಿಗೆ ಓಗ್ತಾನೆ? ಕೈಕಾಲಿಗೆ ಮೊಳೆ ಬಡಿದವ್ರೆ. ಪೂರ್ತಿ ಕೇಳ್ತಾನೆ.”

ಬಸ್ ಬಂತು. ತಂಗಿ ಫೋನ್ ನೋಡುತ್ತಲೇ ಹತ್ತಿದಳು; ಅಕ್ಕ ರಸ್ತೆಯಾಚೆಯ ಚರ್ಚಿನ ಕಡೆ ನಡೆದಳು.

ಗಂಗರತ್ನಮ್ಮ ತಾನೂ ಬಸ್ ಹತ್ತಿ ಕಿಟಕಿಯಿಂದ ಹಿಂತಿರುಗಿ ನೋಡಿದಳು. ದೇವರನ್ನು ಬೈಯಲು ಹೊರಟವಳು ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದಳು.